ಕೊನೆಯವರು ಬರುವ ತನಕ

ಆಮೆ ಮತ್ತು ಮೊಲದ ಕತೆಯನ್ನು ಓದದೆ ಪ್ರಾಥಮಿಕ ಶಾಲೆ ದಾಟಿದವರು ನಮ್ಮಲ್ಲಿ ವಿರಳ. ನಾವಂತೂ ಅದನ್ನು ಎರಡು ಸಲ ಓದಿದವರು. ಒಮ್ಮೆ ಉರ್ದುವಿನಲ್ಲಿ, ಇನ್ನೊಮ್ಮೆ ಕನ್ನಡದಲ್ಲಿ. ಒಂದು ಲಿಪಿ ಬಲದಿಂದ ಎಡಕ್ಕೆ, ಇನ್ನೊಂದು ಎಡದಿಂದ ಬಲಕ್ಕೆ ಸಾಗಿದರೂ ಎರಡೂ ಬಂದು ಸೇರುತ್ತಿದ್ದ ನೀತಿ ಒಂದೇ ಆಗಿತ್ತು. ನಿಧಾನವಾದರೂ ಬಿಡದೆ ನಡೆಯುವವನಿಗೆ ಗೆಲುವು, ಅಹಂಕಾರಿಗೆ ಸೋಲು. ಪಾಠದ ಕೊನೆಯಲ್ಲಿ ಮೇಷ್ಟರು ಕೇಳುತ್ತಿದ್ದ ಪ್ರಶ್ನೆಗಳೂ ಅವೇ. ಮೊಲ ಏಕೆ ಸೋತಿತು? ಆಮೆ ಹೇಗೆ ಗೆದ್ದಿತು? ಆದರೆ ಒಂದು ಪ್ರಶ್ನೆಯನ್ನು ಎರಡೂ ಭಾಷೆಯ ಮೇಷ್ಟರುಗಳು ಕೇಳಲಿಲ್ಲ. ಮರದಡಿ ಮಲಗಿದ್ದ ಮೊಲದ ಪಕ್ಕದಲ್ಲೇ ಆಮೆ ಹಾದುಹೋಯಿತಲ್ಲ, ಆಗ ಅದು ಮೊಲವನ್ನು ಎಬ್ಬಿಸಬೇಕಿತ್ತೇ?

ಇದು ಮಕ್ಕಳಾಟದ ಪ್ರಶ್ನೆಯಂತೆ ಕಾಣಬಹುದು. ಆದರೆ ಇದನ್ನು ಸ್ವಲ್ಪ ತಿರುಗಿಸಿ ನೋಡಿದರೆ ನಮ್ಮ ಕಾಲದ ಒಂದು ದೊಡ್ಡ ನೈತಿಕ ಪ್ರಶ್ನೆಯೇ ಎದುರು ನಿಲ್ಲುತ್ತದೆ. ನಾವು ಯಾರೊಡನೆ ಸ್ಪರ್ಧಿಸುತ್ತೇವೆಯೋ ಅವರಿಗೆ ನಾವು ಏನಾದರೂ ಸಲ್ಲಿಸಬೇಕಾದುದು ಇದೆಯೇ? ಅಥವಾ ಸ್ಪರ್ಧೆಗೆ ಇಳಿದ ಗಳಿಗೆಯಿಂದ ಅವರು ಬರೀ ದಾಟಬೇಕಾದ ಅಡ್ಡಿ ಮಾತ್ರವೇ? ಇಂದು ಮಗು ಅಕ್ಷರ ಕಲಿಯುವ ಮೊದಲೇ ಶಾಲೆಯ ಪ್ರವೇಶಕ್ಕೆ ಸಾಲು ನಿಲ್ಲುತ್ತದೆ. ಫಲಿತಾಂಶ ಬಂದ ಮರುದಿನ ಬಸ್‌ಸ್ಟ್ಯಾಂಡಿನ ಎದುರು ರ‍್ಯಾಂಕ್ ಪಡೆದವರ ಮುಖಗಳು ದೊಡ್ಡ ದೊಡ್ಡ ಫಲಕಗಳಲ್ಲಿ ನಗುತ್ತವೆ. ಹೀಗೆ ಬೆಳೆದ ಪೀಳಿಗೆಗೆ ಸ್ಪರ್ಧೆ ಎಂದರೇನೆಂದು ಕೇಳಿದರೆ, ಇನ್ನೊಬ್ಬನನ್ನು ಹಿಂದೆ ಹಾಕುವುದು ಎಂಬ ಉತ್ತರ ಬಂದರೆ ಅಚ್ಚರಿಯಿಲ್ಲ. ಈ ಉತ್ತರ ಸರಿಯೇ ಎಂದು ಪರೀಕ್ಷಿಸಲು ನಾವಿಲ್ಲಿ ಒಂದು ಸಣ್ಣ ಜಾಗವನ್ನು ಆರಿಸಿಕೊಂಡಿದ್ದೇವೆ. ಅದು ಸ್ಪ್ರಿಂಟ್ ಟ್ರಯಾಥ್ಲಾನ್ ಎಂಬ ಆಟ.

ಹೆಸರು ಇಂಗ್ಲಿಷಿನದಾದರೂ ಆಟ ಸರಳ. ಮೊದಲು 750 ಮೀಟರ್ ಈಜು, ನಂತರ 20 ಕಿಲೋಮೀಟರ್ ಸೈಕಲ್, ಕೊನೆಗೆ 5 ಕಿಲೋಮೀಟರ್ ಓಟ. ನಡುವೆ ವಿರಾಮವಿಲ್ಲ. ಬಟ್ಟೆ, ಬೂಟು ಬದಲಿಸುವ ಸಮಯವೂ ಲೆಕ್ಕಕ್ಕೆ ಸೇರುತ್ತದೆ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಸೇರ್ಪಡೆಯಾದ ಟ್ರಯಾಥ್ಲಾನಿನ ದೂರ ಇದರ ಎರಡು ಪಟ್ಟು. ಹವಾಯಿಯಲ್ಲಿ 1978ರಲ್ಲಿ ಆರಂಭವಾದ ಐರನ್‌ಮ್ಯಾನ್ ಅಂತೂ 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಮೇಲೆ ಒಂದು ಪೂರ್ಣ ಮ್ಯಾರಥಾನ್. ಅವುಗಳ ಮುಂದೆ ಸ್ಪ್ರಿಂಟ್ ಎಂಬುದು ಊರಿನವರ ಆಟ. ಬ್ಯಾಂಕ್ ಗುಮಾಸ್ತರು, ಶಾಲಾ ಶಿಕ್ಷಕಿಯರು, ನಿವೃತ್ತರು, ಕಾಲೇಜು ಹುಡುಗರು ಒಂದೇ ದಡದಲ್ಲಿ ನಿಲ್ಲುವ ಆಟ. ಕರಾವಳಿಯ ಊರೊಂದರಲ್ಲಿ ಒಂದು ಭಾನುವಾರ ನಡೆದ ಇಂಥದೊಂದು ಸ್ಪರ್ಧೆಗೆ, ನಲವತ್ತು ದಾಟಿದ ಮೇಲೆ, ನಾವೂ ಹೆಸರು ಕೊಟ್ಟಿದ್ದೆವು. ಗೆಲ್ಲುವ ಸಾಧ್ಯತೆ ನಮಗಿರಲಿಲ್ಲ. ಅಲ್ಲಿದ್ದ ಬಹುಪಾಲು ಮಂದಿಗೂ ಇರಲಿಲ್ಲ. ಆದರೂ ಎಲ್ಲರೂ ಸ್ಪರ್ಧಿಸಿದರು, ಮನಃಪೂರ್ವಕವಾಗಿ. ಗೆಲ್ಲಲಾರದವರೂ ಸ್ಪರ್ಧಿಸುತ್ತಾರೆಂದರೆ ಸ್ಪರ್ಧೆಯಲ್ಲಿ ಗೆಲುವಲ್ಲದ ಬೇರೇನೋ ಇದೆ ಎಂದೇ ಅರ್ಥ.

ಉರ್ದುವಿನಲ್ಲಿ ಸ್ಪರ್ಧೆಗೆ ಎರಡು ಪದಗಳಿವೆ. ಒಂದು ಮುಕಾಬಲಾ, ಇನ್ನೊಂದು ಮುಸಾಬಕತ್. ಎರಡೂ ಅರಬಿಯಿಂದ ಬಂದವು. ಮುಕಾಬಲಾದ ಮೂಲದಲ್ಲಿ ಎದುರುಬದುರಾಗುವುದು ಎಂಬ ಅರ್ಥವಿದೆ. ಕುಸ್ತಿಯ ಕಣದಂತೆ, ನನ್ನ ಮುಖ ನಿನ್ನ ಕಡೆಗೆ, ನಿನ್ನ ಮುಖ ನನ್ನ ಕಡೆಗೆ. ಮುಸಾಬಕತ್‌ನ ಮೂಲದಲ್ಲಿರುವುದು ಮುಂದೆ ಸಾಗುವುದು ಎಂಬ ಅರ್ಥ. ಅಲ್ಲಿ ಎಲ್ಲರ ಮುಖವೂ ಒಂದೇ ದಿಕ್ಕಿಗೆ. ಪಕ್ಕದವನು ಎದುರಾಳಿಯಲ್ಲ, ಜೊತೆಗೆ ಹೊರಟವನು. ಪಾಠಕ್ಕೆ ಉರ್ದುವಿನಲ್ಲಿ ಹೇಳುವ ಸಬಕ್ ಎಂಬ ಪದವನ್ನೂ ಅದೇ ಮೂರು ಅಕ್ಷರಗಳಿಂದ ಬರೆಯುತ್ತಾರೆ. ಕುಸ್ತಿಯನ್ನು ಒಬ್ಬನೇ ಆಡಲಾಗದು, ಒಬ್ಬ ಬೀಳದೆ ಅದು ಮುಗಿಯುವುದೂ ಇಲ್ಲ. ಆದರೆ ಓಟವನ್ನು ನೂರು ಜನ ಓಡಿ ನೂರು ಜನವೂ ಮುಗಿಸಬಹುದು. ನಮ್ಮ ತೊಂದರೆಯೆಂದರೆ ಮುಸಾಬಕತ್ ಆಗಿರಬೇಕಾದ ಎಷ್ಟೋ ಸಂಗತಿಗಳನ್ನು ನಾವು ಮುಕಾಬಲಾ ಮಾಡಿಕೊಂಡಿದ್ದೇವೆ.

ಹಾಗಾದರೆ ಜೊತೆಗೆ ಹೊರಟವನಿಗೆ ನಾವು ಸಲ್ಲಿಸಬೇಕಾದುದು ಏನು? ಮೊದಲನೆಯದು ಪ್ರಾಮಾಣಿಕತೆ. ಸೈಕಲ್ ತುಳಿಯುವವರಿಗೆ ಗೊತ್ತಿರುವ ಒಂದು ಸತ್ಯವಿದೆ. ವೇಗ ಹೆಚ್ಚಿದಂತೆ ನಿಜವಾದ ಎದುರಾಳಿ ಗಾಳಿ. ಮುಂದಿನವನ ಬೆನ್ನಿಗೆ ಅಂಟಿಕೊಂಡು ತುಳಿದರೆ ಗಾಳಿಯನ್ನು ಸೀಳುವ ಕಷ್ಟ ಅವನದು, ಲಾಭ ನಮ್ಮದು. ಇದನ್ನು ಡ್ರಾಫ್ಟಿಂಗ್ ಎನ್ನುತ್ತಾರೆ. ಊರಿನ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಇದಕ್ಕೆ ನಿಷೇಧ. ಇಂಥ ಸ್ಪರ್ಧೆಗಳ ಅಂತರರಾಷ್ಟ್ರೀಯ ನಿಯಮದಂತೆ ಮುಂದಿನ ಸೈಕಲ್ಲಿನಿಂದ 10 ಮೀಟರ್ ದೂರವಿರಬೇಕು. ದಾಟುವುದಾದರೆ 20 ಸೆಕೆಂಡಿನೊಳಗೆ ದಾಟಬೇಕು. ಸ್ವಾರಸ್ಯವೆಂದರೆ ಒಲಿಂಪಿಕ್ಸ್‌ನಲ್ಲಿ ಇದೇ ಡ್ರಾಫ್ಟಿಂಗಿಗೆ ಅನುಮತಿಯಿದೆ. ಅಲ್ಲಿ ಸವಾರರು ಗುಂಪುಗೂಡಿ, ಸರದಿಯಂತೆ ಮುಂದೆ ಬಂದು ಗಾಳಿಯ ಭಾರ ಹಂಚಿಕೊಳ್ಳುತ್ತಾರೆ. ಒಂದೇ ಕೆಲಸ ಒಂದು ಕಡೆ ಕಳ್ಳತನ, ಇನ್ನೊಂದು ಕಡೆ ಸಹಕಾರ. ವ್ಯತ್ಯಾಸ ಇರುವುದು ಕೆಲಸದಲ್ಲಲ್ಲ, ಹೊರಡುವ ಮೊದಲು ಎಲ್ಲರೂ ಸೇರಿ ಒಪ್ಪಿಕೊಂಡ ಮಾತಿನಲ್ಲಿ. ನಿಯಮವೆಂದರೆ ಪೊಲೀಸನ ಲಾಠಿ ಎಂದು ತಿಳಿದವರು ಇದನ್ನು ಗಮನಿಸಬೇಕು. ನಿಯಮ ಮೂಲತಃ ಒಬ್ಬರಿಗೊಬ್ಬರು ಕೊಟ್ಟ ಮಾತು.

ಮಾತಿನ ಬೆಲೆ ತಿಳಿಯುವುದು ನೋಡುವವರು ಇಲ್ಲದಾಗ. ನಾವು ಭಾಗವಹಿಸಿದ ಆ ಸ್ಪರ್ಧೆಯ ವ್ಯವಸ್ಥೆ ಅಚ್ಚುಕಟ್ಟಾಗಿತ್ತು. ನೀರಿನಲ್ಲಿ ಮೀನುಗಾರರ ದೋಣಿಗಳು ಕಾವಲಿದ್ದವು. ಪ್ರತಿ ತಿರುವಿನಲ್ಲೂ ಒಬ್ಬ ಸ್ವಯಂಸೇವಕ ನಿಂತಿದ್ದ. ಓಟದ ಅರ್ಧದಲ್ಲಿ, ರಸ್ತೆಯ ನಡುವೆ ಇಟ್ಟಿದ್ದ ಒಂದು ಪ್ಲಾಸ್ಟಿಕ್ ಕೋನನ್ನು ಸುತ್ತಿ ಹಿಂತಿರುಗಬೇಕಿತ್ತು. ಅಲ್ಲಿದ್ದ ಹುಡುಗ, ಸ್ನಾಯು ಹಿಡಿದು ಕುಳಿತಿದ್ದ ಯಾರಿಗೋ ನೀರು ತರಲು ಓಡಿದ್ದ. ಹತ್ತು ಹೆಜ್ಜೆ ಮೊದಲೇ ತಿರುಗಿದ್ದರೆ ಕೇಳುವವರಿರಲಿಲ್ಲ. ನಮ್ಮ ಮುಂದಿದ್ದ ತರುಣ ಕೋನಿನ ತನಕ ಹೋಗಿ, ಬಗ್ಗಿ, ಅದನ್ನು ಕೈಯಿಂದ ಮುಟ್ಟಿಯೇ ತಿರುಗಿದ. ಮುಟ್ಟಬೇಕೆಂದು ನಿಯಮವೇನೂ ಇರಲಿಲ್ಲ. ಅವನ ಹಿಂದೆ ಬಂದ ನಾವೂ ಏಕೋ ಮುಟ್ಟಿದೆವು. ವ್ಯವಸ್ಥೆ ಎಷ್ಟೇ ಚೆನ್ನಾಗಿದ್ದರೂ ಅದರಲ್ಲಿ ಇಂಥ ಒಂದು ಖಾಲಿ ಜಾಗ ಉಳಿದೇ ಇರುತ್ತದೆ. ಅದನ್ನು ತುಂಬುವುದು ಸ್ಪರ್ಧಿಯ ಆತ್ಮಸಾಕ್ಷಿಯೇ ಹೊರತು ಸಂಘಟಕರಲ್ಲ.

ಎರಡನೆಯದು ಇನ್ನೂ ಕಠಿಣ. ಜೊತೆಗಾರನಿಗೆ ನಾವು ನಮ್ಮ ಪೂರ್ಣ ಶಕ್ತಿಯನ್ನೂ ಸಲ್ಲಿಸಬೇಕು. 2019ರ ಆಗಸ್ಟ್‌ನಲ್ಲಿ ಟೋಕಿಯೋದಲ್ಲಿ ಒಲಿಂಪಿಕ್ಸ್‌ನ ಪೂರ್ವಸಿದ್ಧತೆಯಾಗಿ ಮಹಿಳಾ ಟ್ರಯಾಥ್ಲಾನ್ ನಡೆಯಿತು. ಬ್ರಿಟನ್ನಿನ ಜೆಸ್ಸಿಕಾ ಲಿಯರ್ಮಂತ್ ಮತ್ತು ಜಾರ್ಜಿಯಾ ಟೇಲರ್ ಬ್ರೌನ್ ಎಲ್ಲರಿಗಿಂತ ಮುಂದೆ ಬಂದು, ಕೈಕೈ ಹಿಡಿದು ಒಟ್ಟಿಗೇ ಗೆರೆ ದಾಟಿದರು. ನೋಡಲು ಎಷ್ಟು ಚೆಂದದ ದೃಶ್ಯ! ಆದರೆ ಇಬ್ಬರನ್ನೂ ಅನರ್ಹಗೊಳಿಸಲಾಯಿತು. ಬೇರಾಗುವ ಪ್ರಯತ್ನವನ್ನೇ ಮಾಡದೆ, ಬೇಕೆಂದೇ ಸಮವಾಗಿ ಮುಗಿಸಬಾರದೆಂದು ನಿಯಮವಿತ್ತು. ಅವರ ಹಿಂದೆ ಬಂದ ಬರ್ಮುಡಾದ ಫ್ಲೋರಾ ಡಫಿ ವಿಜೇತೆಯಾದರು. ಸ್ನೇಹಕ್ಕೆ ಶಿಕ್ಷೆಯೇ ಎಂದು ಅನೇಕರಿಗೆ ಅನಿಸಿತು. ನಮಗೂ ಮೊದಲು ಹಾಗೇ ಅನಿಸಿತು. ಆದರೆ ಯೋಚಿಸಿದಂತೆ ನಿಯಮದ ಕಡೆಗೆ ವಾಲಬೇಕಾಯಿತು. ಓಟ ಮುಂದಿರುವ ಇಬ್ಬರ ಆಸ್ತಿಯಲ್ಲ, ಹಿಂದೆ ಏದುಸಿರು ಬಿಡುತ್ತಿರುವವರದೂ ಹೌದು. ಕೊನೆಯ ಗಳಿಗೆಯ ತನಕ ಪ್ರಯತ್ನಿಸುತ್ತೇವೆ ಎಂಬ ಒಪ್ಪಂದದ ಮೇಲೆ ಅವರೆಲ್ಲ ಹೊರಟಿದ್ದರು. ಮುಂದಿರುವ ಇಬ್ಬರು ತಮ್ಮತಮ್ಮಲ್ಲಿ ಗೆಲುವನ್ನು ಹಂಚಿಕೊಂಡರೆ ಅದು ಆ ಇಬ್ಬರ ನಡುವಿನ ಪ್ರೀತಿ ನಿಜ, ಆದರೆ ಉಳಿದವರ ಪಾಲಿಗೆ ಮುರಿದ ಮಾತು. ನಮ್ಮ ಸಮಾಜದಲ್ಲಿ ಸ್ವಜನಪಕ್ಷಪಾತವೂ ಹೀಗೆಯೇ ಪ್ರೀತಿಯ ವೇಷದಲ್ಲಿ ಬರುತ್ತದೆ.

ಇದರ ಪಕ್ಕದಲ್ಲಿ ಇನ್ನೊಂದು ಘಟನೆಯನ್ನು ಇಡೋಣ. 2020ರ ಸೆಪ್ಟೆಂಬರ್‌ನಲ್ಲಿ ಸ್ಪೇನಿನ ಸಾಂತಾಂದೆರ್ ಟ್ರಯಾಥ್ಲಾನ್‌ನಲ್ಲಿ ಬ್ರಿಟನ್ನಿನ ಜೇಮ್ಸ್ ಟೀಗಲ್ ಮೂರನೆಯವನಾಗಿ ಬರುತ್ತಿದ್ದ. ಗೆರೆ ಇನ್ನೇನು ಕೂಗಳತೆಯಲ್ಲಿದೆ ಎನ್ನುವಾಗ ದಾರಿ ತಪ್ಪಿ ಬೇಲಿಯತ್ತ ಹೋದ. ಹಿಂದಿದ್ದ ಸ್ಪೇನಿನ ದಿಯೆಗೊ ಮೆಂತ್ರಿದಾ ಅವನನ್ನು ದಾಟಿದ. ತಿರುಗಿ ನೋಡಿ ಆದದ್ದು ಅರ್ಥವಾದಾಗ ಗೆರೆಯ ಮುಂದೆಯೇ ನಿಂತುಬಿಟ್ಟ. ಟೀಗಲ್ ಬಂದು, ಕೈಕುಲುಕಿ, ಮೊದಲು ಗೆರೆ ದಾಟಿದ. ಮೆಂತ್ರಿದಾ ನಾಲ್ಕನೆಯವನಾದ. ಸಂಘಟಕರು ಮುಂದೆ ಅವನಿಗೂ ಗೌರವಾರ್ಥವಾಗಿ ಮೂರನೆಯ ಸ್ಥಾನವನ್ನು, ಅಷ್ಟೇ ಬಹುಮಾನದ ಹಣವನ್ನು ಕೊಟ್ಟರು. ಅವನು ಮಾಡಿದ್ದೂ ಬಿಟ್ಟುಕೊಡುವುದೇ ಅಲ್ಲವೇ? ಟೋಕಿಯೋದವರದು ತಪ್ಪಾದರೆ ಇವನದು ಹೇಗೆ ಸರಿ?

ವ್ಯತ್ಯಾಸವಿದೆ. ಟೋಕಿಯೋದಲ್ಲಿ ಓಟ ಹೇಳಬೇಕಾಗಿದ್ದ ಸತ್ಯವನ್ನು ಇಬ್ಬರು ಸೇರಿ ತಡೆದರು. ಯಾರು ಮುಂದು ಎಂಬುದು ತಿಳಿಯದೇ ಉಳಿಯಿತು. ಸಾಂತಾಂದೆರ್‌ನಲ್ಲಿ ಒಂದು ಆಕಸ್ಮಿಕ ಅಳಿಸಿಹಾಕಲಿದ್ದ ಸತ್ಯವನ್ನು ಒಬ್ಬ ಉಳಿಸಿದ. ಒಂದು ಕರುಣೆ ತನ್ನವರಿಗೆ ಮೀಸಲಾಗಿತ್ತು, ಇನ್ನೊಂದು ಪರಿಚಯವನ್ನು ಕೇಳಲಿಲ್ಲ. ಹಾಗಾದರೆ ನಮ್ಮ ಆಮೆಗೆ ಸಿಗುವ ಉತ್ತರವೇನು? ಮೊಲ ದಾರಿ ತಪ್ಪಿದ್ದರೆ, ಬಲೆಗೆ ಸಿಕ್ಕಿದ್ದರೆ, ಆಮೆ ನಿಲ್ಲಬೇಕಿತ್ತು. ಸೊಕ್ಕಿನಿಂದ ಮಲಗಿದ್ದರೆ ಎಬ್ಬಿಸುವ ಹೊಣೆ ಇರಲಿಲ್ಲ, ಏಕೆಂದರೆ ಆ ನಿದ್ದೆ ಮೊಲದ ಓಟದ್ದೇ ಒಂದು ಭಾಗ. ಆದರೆ ಅದು ನಿದ್ದೆಯೋ ಪ್ರಜ್ಞೆ ತಪ್ಪಿದ್ದೋ ಎಂದು ಒಂದು ಕ್ಷಣ ಬಗ್ಗಿ ನೋಡುವ ಹೊಣೆಯಂತೂ ಇದ್ದೇ ಇತ್ತು. ಆಮೆ ನೋಡಿತೋ ಇಲ್ಲವೋ, ಕತೆ ಹೇಳುವುದಿಲ್ಲ.

ಮೂರನೆಯದು ಸಹಾಯ. 2016ರ ಸೆಪ್ಟೆಂಬರ್‌ನಲ್ಲಿ ಮೆಕ್ಸಿಕೊದ ಕೊಸುಮೆಲ್‌ನಲ್ಲಿ ಜಾನಿ ಬ್ರೌನ್ಲಿ ಮೊದಲನೆಯವನಾಗಿ ಓಡುತ್ತಿದ್ದವನು, ಒಂದು ಕಿಲೋಮೀಟರ್ ಕೂಡ ಉಳಿಯದಿರುವಾಗ ಬಿಸಿಲಿನ ಹೊಡೆತಕ್ಕೆ ತೂರಾಡತೊಡಗಿದ. ಹಿಂದಿನಿಂದ ಬಂದ ಅಣ್ಣ ಅಲಿಸ್ಟರ್, ಎರಡು ಸಲ ಒಲಿಂಪಿಕ್ಸ್ ಚಿನ್ನ ಗೆದ್ದವನು, ತನ್ನ ಗೆಲುವಿನ ಅವಕಾಶ ಬಿಟ್ಟು ತಮ್ಮನ ತೋಳನ್ನು ಹೆಗಲಿಗೆ ಹಾಕಿಕೊಂಡ. ದಕ್ಷಿಣ ಆಫ್ರಿಕದ ಹೆನ್ರಿ ಸ್ಕೂಮನ್ ಮುಂದೆ ಹೋಗಿ ಗೆದ್ದ. ಅಣ್ಣ ತಮ್ಮನನ್ನು ಗೆರೆಯಾಚೆ ತಳ್ಳಿ ತಾನು ಮೂರನೆಯವನಾದ. ಜಗತ್ತು ಕಣ್ಣೀರಾಯಿತು. ಆದರೆ ಆ ಘಟನೆಯ ಬಳಿಕ ಅಂತರರಾಷ್ಟ್ರೀಯ ಒಕ್ಕೂಟ ನಿಯಮವನ್ನು ಬಿಗಿ ಮಾಡಿತು. ಒಬ್ಬ ಸ್ಪರ್ಧಿ ಇನ್ನೊಬ್ಬನನ್ನು ಕೈಹಿಡಿದು ಮುಂದಕ್ಕೆ ಸಾಗಿಸುವಂತಿಲ್ಲ ಎಂದಿತು.

ಇದೇ ನಿಯಮಾವಳಿಯಲ್ಲಿ ಸಹಾಯದ ಬಗ್ಗೆ ಇನ್ನೊಂದು ಮಾತಿದೆ. ಓಟದ ನಡುವೆ ಜೊತೆಗಾರನಿಗೆ ನೀರು ಕೊಡಬಹುದು, ತಿನ್ನಲು ಕೊಡಬಹುದು, ಸೈಕಲ್ ಪಂಪು, ಟ್ಯೂಬು ಕೊಡಬಹುದು. ಆದರೆ ತನ್ನ ಬೂಟನ್ನೋ ಚಕ್ರವನ್ನೋ ಇಡೀ ಸೈಕಲ್ಲನ್ನೋ ಕೊಟ್ಟು ತಾನೇ ಮುಂದೆ ಹೋಗಲಾರದಂತೆ ಆಗಬಾರದು. ಹಾಗೆ ಮಾಡಿದರೆ ಕೊಟ್ಟವನೂ ಪಡೆದವನೂ ಹೊರಗೆ. ದಾನಕ್ಕೆ ಮಿತಿ ಹಾಕುವ ಈ ಮಾತು ಮೊದಲು ಕೇಳಿದಾಗ ವಿಚಿತ್ರವೆನಿಸುತ್ತದೆ. ಆದರೆ ಇಲ್ಲದಿದ್ದರೆ ಬಲವಾದ ತಂಡಗಳು ಒಬ್ಬ ನಾಯಕನಿಗಾಗಿ ಉಳಿದವರ ಓಟವನ್ನೇ ಬಲಿಕೊಡುತ್ತಿದ್ದವು. ನಮ್ಮ ಮನೆಗಳಲ್ಲೂ ಇದು ನಡೆಯುತ್ತಿರುತ್ತದೆ. ಅಣ್ಣನ ಓದಿಗಾಗಿ ತಂಗಿಯ ಶಾಲೆ ಬಿಡಿಸಿ ಅದನ್ನು ತ್ಯಾಗ ಎಂದು ಕರೆಯುತ್ತೇವೆ. ತನ್ನ ಓಟವನ್ನೇ ಕೊಟ್ಟ ಆ ತಂಗಿಯನ್ನು ಯಾರೂ ಕೇಳುವುದಿಲ್ಲ.

ಹಾಗಿದ್ದರೆ ಅಲಿಸ್ಟರ್ ಮಾಡಿದ್ದು ಇಂದಿನ ನಿಯಮದಡಿ ತಪ್ಪೇ? ನಿಯಮದ ಪ್ರಕಾರ ತಪ್ಪು. ಆದರೂ ಎದುರಿಗೆ ಒಬ್ಬ ಕುಸಿಯುತ್ತಿರುವಾಗ ಕೈ ಚಾಚದವನನ್ನು ನಾವು ಮನುಷ್ಯ ಎನ್ನುವುದು ಕಷ್ಟ. ಈ ಬಿಕ್ಕಟ್ಟಿಗೆ ನಮಗೆ ತೋಚುವ ಉತ್ತರ ಇದು. ಕೈ ಚಾಚಲಿ, ಮತ್ತು ಅನರ್ಹತೆಯನ್ನೂ ತಲೆಬಾಗಿ ಸ್ವೀಕರಿಸಲಿ. ಕರುಣೆ ಬೆಲೆ ಕೇಳುತ್ತದೆ. ಆ ಬೆಲೆಯನ್ನು ನಿಯಮದಿಂದ ಅಥವಾ ಇತರರಿಂದ ವಸೂಲಿ ಮಾಡದೆ ತಾನೇ ತೆರುವವನ ಕೈಯಲ್ಲಿ ಕರುಣೆಯೂ ಉಳಿಯುತ್ತದೆ, ನ್ಯಾಯವೂ ಉಳಿಯುತ್ತದೆ. ಕರುಣೆ ತೋರಿದೆ, ಆದ್ದರಿಂದ ನನಗೆ ವಿನಾಯಿತಿ ಕೊಡಿ ಎನ್ನುವಲ್ಲಿ ಎರಡೂ ಸ್ವಲ್ಪ ಸ್ವಲ್ಪ ಸಾಯುತ್ತವೆ.

ಇಲ್ಲಿ ಓದುಗರು ಒಂದು ಆಕ್ಷೇಪ ಎತ್ತಬಹುದು. ಆಟದಲ್ಲಿ ಸೋತವನು ಮನೆಗೆ ಹೋಗಿ ಸ್ನಾನ ಮಾಡಿ ಉಣ್ಣುತ್ತಾನೆ, ಆದರೆ ವೈದ್ಯಕೀಯ ಸೀಟು ತಪ್ಪಿದವನ, ಕೆಲಸ ಸಿಗದವನ ಬಾಳೇ ಬೇರೆಯಾಗಿಬಿಡುತ್ತದೆ, ಬದುಕು ಭಾನುವಾರ ಬೆಳಗಿನ ಓಟವಲ್ಲ ಎಂದು. ಈ ಆಕ್ಷೇಪ ನಿಜವಾದದ್ದು. ಅದಕ್ಕೇ ನಾವು ಮುಗಿಯುವ ಗೆರೆಗಿಂತ ಆರಂಭದ ಗೆರೆಯನ್ನು ಹೆಚ್ಚು ನೋಡಬೇಕು. ಊರಿನ ಸ್ಪರ್ಧೆಯಲ್ಲೂ ಆ ಗೆರೆಗೆ ಬಂದು ನಿಲ್ಲುವುದು ಎಲ್ಲರಿಗೂ ಸಮಾನವಾಗಿ ಸಾಧ್ಯವಿಲ್ಲ. ಬೆಸ್ತರ ಕೇರಿಯ ಹುಡುಗ ಯಾವ ಈಜುಕೊಳದ ಹುಡುಗನಿಗಿಂತಲೂ ಚೆನ್ನಾಗಿ ಕಡಲಲ್ಲಿ ಈಜಬಲ್ಲ. ಆದರೆ ರೇಸಿಂಗ್ ಸೈಕಲ್ ಅವನ ಅಪ್ಪನ ಅಳವಿಗೆ ಮೀರಿದ್ದು. ವಯಸ್ಸಿಗೊಂದು ವಿಭಾಗ ಮಾಡಿ ಹಿರಿಯರಿಗೆ ನ್ಯಾಯ ಒದಗಿಸುವ ಆಟಕ್ಕೆ, ಬಡತನಕ್ಕೊಂದು ವಿಭಾಗ ಮಾಡಲು ಇನ್ನೂ ಗೊತ್ತಿಲ್ಲ.

ನಮ್ಮ ಹೆಣ್ಣುಮಕ್ಕಳ ಮಾತು ಇನ್ನೂ ಬೇರೆ. 2013ರಲ್ಲಿ ಲಂಡನ್ನಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಶಿರೀನ್ ಗೆರಾಮಿ ಇರಾನನ್ನು ಪ್ರತಿನಿಧಿಸಿದ ಮೊದಲ ಮಹಿಳೆಯಾದರು. ಆಕೆ ತಲೆ, ಮೈ ಮುಚ್ಚುವ ಉಡುಪಿನಲ್ಲಿ ಈಜಿ, ಸೈಕಲ್ ತುಳಿದು, ಓಡಿದರು. ಓಟಕ್ಕಿಂತ ಮೊದಲು ಆಕೆ ಓಡಬೇಕಾದ ಇನ್ನೊಂದು ಓಟವಿತ್ತು, ತನ್ನ ದೇಶದ ಅನುಮತಿಯನ್ನು ಪಡೆಯುವುದು. ಆಕೆಯ ಬಟ್ಟೆಯ ಬಗ್ಗೆ ಎರಡೂ ಕಡೆಯವರಿಗೆ ಅಭಿಪ್ರಾಯಗಳಿದ್ದಾವು. ಆದರೆ ಆಕೆ ಕೇಳಿದ್ದು ಅಭಿಪ್ರಾಯವನ್ನಲ್ಲ, ಗೆರೆಯ ಮೇಲೆ ನಿಲ್ಲಲು ಒಂದು ಅಡಿ ಜಾಗವನ್ನು. ಕಡಲ ತೀರದಲ್ಲೇ ಹುಟ್ಟಿ ಈಜು ಕಲಿಯದೆ ಮುದುಕಿಯರಾಗುವ ನಮ್ಮ ಹೆಣ್ಣುಮಕ್ಕಳ ಬಗ್ಗೆ ಮಾತಾಡುವಾಗ, ಅವರನ್ನು ತಡೆದದ್ದು ಬಟ್ಟೆಯೋ, ನಾವೋ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಮತ್ತೆ ಟೋಕಿಯೋಗೆ ಬರೋಣ. 2021ರ ಜುಲೈ 31ರಂದು ಅಲ್ಲಿ ಮೊದಲ ಬಾರಿ ಒಲಿಂಪಿಕ್ಸ್‌ನ ಮಿಶ್ರ ರಿಲೇ ಟ್ರಯಾಥ್ಲಾನ್ ನಡೆಯಿತು. ಇಬ್ಬರು ಹೆಂಗಸರು, ಇಬ್ಬರು ಗಂಡಸರು, ಒಬ್ಬರಾದ ಮೇಲೆ ಒಬ್ಬರು. ಚಿನ್ನ ಗೆದ್ದ ಬ್ರಿಟನ್ ತಂಡದಲ್ಲಿದ್ದವರು ಜೆಸ್ಸಿಕಾ ಲಿಯರ್ಮಂತ್, ಜಾನಿ ಬ್ರೌನ್ಲಿ, ಜಾರ್ಜಿಯಾ ಟೇಲರ್ ಬ್ರೌನ್ ಮತ್ತು ಅಲೆಕ್ಸ್ ಯೀ. ಕೈ ಹಿಡಿದದ್ದಕ್ಕಾಗಿ ಹೊರಹಾಕಲ್ಪಟ್ಟ ಆ ಇಬ್ಬರೂ ಅಲ್ಲಿದ್ದರು. ಅಣ್ಣನ ಹೆಗಲ ಮೇಲೆ ಬಂದವನೂ ಇದ್ದ. ರಿಲೇಯಲ್ಲಿ ಒಬ್ಬರು ಮುಗಿಸಿ ಬಂದು ಮುಂದಿನವರನ್ನು ಕೈಯಿಂದ ಮುಟ್ಟಿದ ಮೇಲೆಯೇ ಅವರು ಹೊರಡಬೇಕು. ಮುಟ್ಟದಿದ್ದರೆ ಅದೇ ತಪ್ಪು. ಒಂದು ಓಟದಲ್ಲಿ ನಿಷಿದ್ಧವಾದ ಕೈ ಇನ್ನೊಂದು ಓಟದಲ್ಲಿ ಕಡ್ಡಾಯ. ನಾವು ಈಗ ಯಾವ ಓಟದಲ್ಲಿದ್ದೇವೆ ಎಂದು ಮೊದಲು ತಿಳಿದುಕೊಳ್ಳುವುದೇ ವಿವೇಕ. ಪರೀಕ್ಷಾ ಕೊಠಡಿಯ ಮೂರು ಗಂಟೆ ಒಂಟಿ ಓಟವಾಗಿರಬಹುದು. ಆದರೆ ಒಂದು ಮನೆ, ಒಂದು ಕೇರಿ, ಒಂದು ನಾಡು ಹಾಗಲ್ಲ. ಅಲ್ಲಿ ಮುಂದೆ ಹೋದವನು ಹಿಂತಿರುಗಿ ಮುಂದಿನವನನ್ನು ಮುಟ್ಟದಿದ್ದರೆ ಓಟವೇ ನಿಂತುಹೋಗುತ್ತದೆ.

ಕೊನೆಯದಾಗಿ ಕೊನೆಯವರ ವಿಷಯ. ಮುಶಾಯಿರಾಗಳಲ್ಲಿ ಕೊನೆಗೆ ಓದುವವರು ಎಲ್ಲರಿಗಿಂತ ಹಿರಿಯ ಕವಿ. ಅವರಿಗಾಗಿ ಸಭೆ ನಸುಕಿನ ತನಕ ಕಾಯುತ್ತದೆ. ಓಟದಲ್ಲಿ ಕೊನೆಯವನಿಗೆ ಆ ಭಾಗ್ಯವಿಲ್ಲ. ಅವನು ಬರುವ ಹೊತ್ತಿಗೆ ಕುರ್ಚಿ ಮಡಚುವ ಸದ್ದು ಕೇಳಿಸುತ್ತಿರುತ್ತದೆ. ಆದರೆ ಟ್ರಯಾಥ್ಲಾನ್ ಎಂಬ ಹೆಸರಿನಲ್ಲಿ ಈ ಆಧುನಿಕ ಆಟ ಆರಂಭವಾದ ದಿನ ಹಾಗಾಗಲಿಲ್ಲ. 1974ರ ಸೆಪ್ಟೆಂಬರ್ 25, ಬುಧವಾರ ಸಂಜೆ, ಅಮೆರಿಕದ ಸ್ಯಾನ್ ಡಿಯಾಗೋದ ಮಿಷನ್ ಬೇಯಲ್ಲಿ ಊರಿನ ಓಟಗಾರರ ಕ್ಲಬ್ಬೊಂದು ಈ ಸ್ಪರ್ಧೆ ಇಟ್ಟಿತು. ಜಾಕ್ ಜಾನ್‌ಸ್ಟೋನ್ ಮತ್ತು ಡಾನ್ ಶಾನಹನ್ ಎಂಬಿಬ್ಬರು ಅದನ್ನು ಯೋಜಿಸಿದ್ದರು. ಬಂದವರು 46 ಜನ. ಅಂದು ಓಟ ಮೊದಲು, ಈಜು ಕೊನೆಗೆ. ನಿಧಾನದವರು ನೀರಿಗಿಳಿಯುವಷ್ಟರಲ್ಲಿ ಕತ್ತಲಾಯಿತು. ಆಗ ಸಂಘಟಕರು ಕಾರುಗಳನ್ನು ದಡಕ್ಕೆ ತಂದು ನಿಲ್ಲಿಸಿ, ದೀಪಗಳನ್ನು ನೀರಿನತ್ತ ಬೆಳಗಿಸಿದರು. ಅಂದು ಸ್ಪರ್ಧಿಸಿದವರಲ್ಲಿ ಜಾನ್ ಕಾಲಿನ್ಸ್ ಎಂಬ ನೌಕಾಪಡೆಯ ಅಧಿಕಾರಿಯೂ ಒಬ್ಬ. ಮುಂದೆ 1978ರಲ್ಲಿ ತನ್ನ ಹೆಂಡತಿ ಜೂಡಿಯ ಜೊತೆ ಹವಾಯಿಯ ಐರನ್‌ಮ್ಯಾನ್ ಅನ್ನು ಆರಂಭಿಸಿದ್ದು ಅವನೇ. ಅವನೂ ಅಂದು ಮುಂದಿದ್ದವರ ಸಾಲಿನಲ್ಲಿರಲಿಲ್ಲ.

ಅಚ್ಚುಕಟ್ಟಾದ ಸಂಘಟನೆ ಎಂದರೆ ಸಮಯಕ್ಕೆ ಆರಂಭವಾಗುವುದು, ಬಹುಮಾನಗಳು ಹೊಳೆಯುವುದು ಎಂದು ನಾವು ತಿಳಿದಿರುತ್ತೇವೆ. ಅದೂ ಬೇಕು. ಆದರೆ ಮೊದಲನೆಯವನಿಗೆ ಸಂಘಟಕರ ಅಗತ್ಯ ಕಡಿಮೆ, ಅವನು ಹೇಗೂ ತಲುಪುತ್ತಾನೆ. ವ್ಯವಸ್ಥೆಯ ನಿಜವಾದ ಪರೀಕ್ಷೆ ಕೊನೆಯವರು ಬರುವಾಗ. ಮುಂದಿನ ಸಲ ಮಗುವಿನ ಶಾಲೆಯ ಕ್ರೀಡಾಕೂಟಕ್ಕೆ ಹೋದಾಗ ಓದುಗರು ಒಂದು ಸಣ್ಣ ವಿಷಯ ಗಮನಿಸಲಿ. ಮೊದಲ ಮೂವರು ಬಂದ ಮೇಲೆ ಗೆರೆಯ ಬಳಿಯ ಶಿಕ್ಷಕರು ಅಲ್ಲೇ ನಿಂತಿರುತ್ತಾರೆಯೇ, ಅಥವಾ ಹೆಸರು ಬರೆದುಕೊಂಡು ಮುಂದಿನ ಆಟಕ್ಕೆ ಹೋಗಿಬಿಡುತ್ತಾರೆಯೇ? ಹೋಗಿಬಿಟ್ಟರೆ, ನಾವಾದರೂ ಎದ್ದು ಹೋಗಿ ಅಲ್ಲಿ ನಿಲ್ಲೋಣ. ಕಡೆಯ ಮಗುವಿಗೆ ತಾನು ಎಲ್ಲಿಗೆ ಓಡಬೇಕೆಂದು ಕಾಣಿಸಬೇಕಲ್ಲ.